ವಖಾರಿಯ ಬಾಲವಾಡಿ ನೋಡಲು ಬಂದ ತಾಯಂದಿರು

ಮೊನ್ನೆ ನನ್ನ ಮೊಮ್ಮಗಳು ತನ್ನ ಮಗುವಿಗೆ ಶಿಶುವಿಹಾರ ಹುಡುಕುತ್ತ ಸಾಂಗಲಿಯಲ್ಲಿ ಒಂದು ಕಡೆ ಹೊರಟವಳು ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡವರಿಗೆಂದು ಬೇರೆ ಕುರ್ಚಿ ಇರಲಿಲ್ಲ. ಮಕ್ಕಳ ಕೆಂಪು ಕುರ್ಚಿಯ ಮೇಲೆ, ಮೊಣಕಾಲು ಎದೆಗೆ ತಾಗುವಂತೆ ಕುಳಿತು, ಅವಳು ಅಲ್ಲಿಯ ಮುಖ್ಯಸ್ಥೆಗೆ ಹಾಕಿದ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡೆ. ಕ್ಯಾಮೆರಾ ಇದೆಯೇ, ಮನೆಯಲ್ಲಿ ಕುಳಿತೇ ಫೋನಿನಲ್ಲಿ ಮಗುವನ್ನು ನೋಡಬಹುದೇ, ಇಂಗ್ಲಿಷ್ ಯಾವಾಗಿನಿಂದ ಶುರು, ನೆಲ ಯಾವುದರಿಂದ ಒರೆಸುತ್ತೀರಿ. ಆಕೆ ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟಳು. ಹೊರಗೆ ತುಂತುರು ಹನಿಯುತ್ತಿತ್ತು. ಬಾಗಿಲು ಕಾಯುವ ಮುದುಕ ಒಳಗೆ ಬಂದು, ಹೊದ್ದಿದ್ದ ಕಂಬಳಿಯನ್ನು ಕೊಡವಿ ಗೋಡೆಯ ಗೂಟಕ್ಕೆ ಸಿಕ್ಕಿಸಿದ. ತೊಯ್ದ ಕಂಬಳಿಯ ಆ ವಾಸನೆಗೆ ಮಾಡಗ್ಯಾಳದ ವಖಾರಿಯ ಹೊಸ್ತಿಲು ಕಣ್ಣ ಮುಂದೆ ಬಂತು.

“ಆಯಿ, ನೀನೂ ಏನರ ಕೇಳಬೇ,” ಎಂದಳು ಮೊಮ್ಮಗಳು. “ಬಾಲವಾಡಿ ನಡಿಸಿದಾಕಿ ನೀ.”

“ನಂಗ ಕೇಳಿದವರೇ ಭಾಳ ಮಂದಿ. ನಾ ಯಾರಿಗೂ ಕೇಳಿ ರೂಢಿ ಇಲ್ಲ,” ಎಂದೆ.

ಜತ್ತ ಸಂಸ್ಥಾನ ವಿಲೀನವಾಗಿ ಕೆಲವು ವರ್ಷ ಕಳೆದಿದ್ದವು. ನಮ್ಮ ತಂದೆ ಸಂಸ್ಥಾನದ ಕಾಲದಲ್ಲಿ ಪೋಲೀಸ್ ಹವಾಲ್ದಾರರಾಗಿದ್ದವರು. ನಮ್ಮ ಮನೆಯಲ್ಲಿ ಚೊಂಬೊಂದು ತನ್ನ ಜಾಗ ಬಿಟ್ಟು ಬೇರೆ ಕಡೆ ಕಂಡರೂ ವಿಚಾರಣೆ ನಡೆಯುತ್ತಿತ್ತು. ಏಳುವುದು, ಮುಖ ತೊಳೆಯುವುದು, ಉಣ್ಣುವುದು, ಮಲಗುವುದು, ಎಲ್ಲಕ್ಕೂ ಹೊತ್ತು ಗೊತ್ತು ಮಾಡಿದ್ದರು. ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿಗೆಂದು ನಾನು ಸಾಂಗಲಿಗೆ ಹೋದಾಗ ಉಳಿದ ಹುಡುಗಿಯರು ಅಲ್ಲಿಯ ಶಿಸ್ತಿಗೆ ಅತ್ತರು. ನನಗೆ ಅದು ತವರುಮನೆಯ ಹಾಗೇ ಇತ್ತು.

ತರಬೇತಿ ಮುಗಿದ ಮೇಲೆ ಜತ್ತದ ಒಂದು ಮಹಿಳಾ ಮಂಡಳದವರು ನನ್ನನ್ನು ಮಾಡಗ್ಯಾಳಕ್ಕೆ ಕಳಿಸಿದರು. ಆ ಊರಿನಲ್ಲಿ ವ್ಯಾಪಾರಸ್ಥ ಲಿಂಗಾಯತರದೊಂದು ಓಣಿ, ಕುರಿ ಕಾಯುವ ಧನಗರರದೊಂದು ಓಣಿ. ನಡುವೆ ಹಾದು ಹೋಗುವ ರಸ್ತೆ ಒಂದೇ ಆದರೂ ಒಂದು ಓಣಿಯ ಮಕ್ಕಳು ಇನ್ನೊಂದು ಓಣಿಯಲ್ಲಿ ಆಡುತ್ತಿರಲಿಲ್ಲ. ಮಂಡಳದ ಅಧ್ಯಕ್ಷೆಯವರು ಹೊರಡುವ ದಿನವೇ ನನಗೆ ಷರತ್ತು ಹೇಳಿದ್ದರು. “ಎರಡೂ ಓಣಿಯ ಹುಡುಗರು ಒಂದ ಜಮಖಾನಿ ಮ್ಯಾಲ ಕೂಡಬೇಕು. ದೀಪಾವಳಿ ಆದಮ್ಯಾಲ ನಾ ನೋಡಾಕ ಬರತೀನಿ. ಧನಗರ ಹುಡುಗರು ಆವಾಗೂ ಇದ್ದರ ಬಾಲವಾಡಿ ಮಾಡಗ್ಯಾಳದಾಗ ಇರತೈತಿ. ಇಲ್ಲಂದ್ರ ಶೇಗಾಂವದವರು ಕೇಳಾಕತ್ತಾರ, ಅಲ್ಲಿಗೆ ಒಯ್ತೀವಿ.”

ದೀಪಾವಳಿಯ ಮಾತು ಯಾಕೆ ಬಂತೆಂದರೆ, ಮಳೆಗಾಲವಿಡೀ ಊರ ಸುತ್ತಲೇ ಕುರಿ ಮೇಯಿಸುವ ಧನಗರರು ಹಬ್ಬ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ನೀರಿರುವ ಸೀಮೆಗೆ ಹೋಗುತ್ತಾರೆ. ಹೆಂಡತಿ ಮಕ್ಕಳು, ಪಾತ್ರೆ ಪಡಗ ಎಲ್ಲ ಕುದುರೆಯ ಮೇಲೆ. ಮತ್ತೆ ಬರುವುದು ಮುಂದಿನ ಮಳೆಗೇ. ಮುದುಕರಷ್ಟೇ ಊರಲ್ಲಿ ಉಳಿಯುವವರು. ನನ್ನ ಬಾಲವಾಡಿಯ ಮೇಲೆ ನಂಬಿಕೆ ಹುಟ್ಟಿ ಮಕ್ಕಳನ್ನು ಅಜ್ಜ ಅಜ್ಜಿಯರ ಹತ್ತಿರ ಬಿಟ್ಟುಹೋದರೆ ಸರಿ. ಇಲ್ಲವಾದರೆ ಬಾಲವಾಡಿ ಶೇಗಾಂವಕ್ಕೆ. ಅಲ್ಲಿ ಕಲಿಸಲು ಅವರ ಊರಿನವಳೇ ಒಬ್ಬಳು ತಯಾರಿದ್ದಳು. ನಾನು ಜತ್ತದ ಮನೆಗೆ, ಅಲ್ಲಿಂದ ಅಪ್ಪ ನೋಡಿಟ್ಟ ವರನ ಮನೆಗೆ. ವರನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಆದರೆ ಕೆಲಸ ಕೈಗೆ ಹತ್ತಿಬಿಟ್ಟಿತ್ತು.

ಜಾಗ ಕೊಟ್ಟವರು ಗುರಸಿದ್ದವ್ವ. ಶೇಂಗಾ, ಜೋಳದ ವ್ಯಾಪಾರದ ದೊಡ್ಡ ಮನೆತನದ ಹಿರಿಯ ಹೆಂಗಸು. ತಮ್ಮ ವಖಾರಿಯ, ಅಂದರೆ ಕಾಳು ತುಂಬುವ ಉಗ್ರಾಣದ, ಮುಂದಿನ ಕೋಣೆಯನ್ನು ಸುಗ್ಗಿಯವರೆಗೆ ಎಂದು ಹೇಳಿ ಬಿಟ್ಟುಕೊಟ್ಟಿದ್ದರು. ನನಗೆ ಇರಲು ಅವರದೇ ಹಿತ್ತಲಿನ ಒಂದು ಖೋಲಿ. ವಖಾರಿಯ ಗೋಡೆಗೆ ಬೆಲ್ಲದ, ಹಳೆಯ ಗೋಣಿಯ ವಾಸನೆ ಅಂಟಿಕೊಂಡಿತ್ತು. ನಾನು ಮೃಗದ ಮಳೆ ಬೀಳುವ ಮೊದಲೇ ಗೋಡೆಗೆ ಸುಣ್ಣ ಹೊಡೆಸಿ, ನೆಲ ಸಾರಿಸಿ, ಬಾಗಿಲಿಗೆ ರೈಲು ಹಳಿಯ ಒಂದು ತುಂಡನ್ನು ಘಂಟೆಯಾಗಿ ತೂಗುಹಾಕಿದೆ. ಬಂದ ಕೂಡಲೇ ಕೈಕಾಲು ತೊಳೆಯುವುದು, ಪ್ರಾರ್ಥನೆ, ಹಾಡು, ಹಸಿ ಮಣ್ಣಿನ ಆಟ, ಬೆಲ್ಲ ಫುಟಾಣಿ, ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಮಲಗುವುದು, ಎಣಿಕೆ, ಕಥೆ. ಮಧ್ಯಾಹ್ನ ಮನೆಯವರು ಕರೆದೊಯ್ಯಲು ಬಂದರೂ ಘಂಟೆ ಬಾರಿಸುವ ತನಕ ಯಾರೂ ಏಳಕೂಡದು. ಬಾರಿಸಿದ ಮೇಲೆ ಕೈಜೋಡಿಸಿ ನಮಸ್ಕಾರ. ಆಮೇಲೆ ನಾನು ಹೆಸರು ಕರೆದ ಹಾಗೆ ಒಬ್ಬೊಬ್ಬರಾಗಿ ಹೊರಗೆ.

ಮಳೆ ಶುರುವಾಯಿತು. ಜತ್ತ ಸೀಮೆಯ ಮಳೆಯೆಂದರೆ ಗಾಳಿ ಹೆಚ್ಚು, ಹನಿ ಕಡಿಮೆ. ಮಕ್ಕಳು ಬರತೊಡಗಿದರು. ಮಕ್ಕಳ ಹಿಂದೆಯೇ ಮನೆಯ ಹೆಂಗಸರು ಬಾಲವಾಡಿಯನ್ನು ಪರೀಕ್ಷೆ ಮಾಡಲು ಬಂದರು.

ಮೊದಲ ಪರೀಕ್ಷಕರು ಗುರಸಿದ್ದವ್ವನೇ. ಮೊಮ್ಮಗ ಚನಬಸುವನ್ನು ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕಳಿಸುವರು. ಮಧ್ಯಾಹ್ನ ಬಂದಾಗ ಮೊದಲು ಹಣೆ ನೋಡುವರು, ಆಮೇಲೆ ಅಂಗಿಯ ತೋಳು, ಆಮೇಲೆ ಪಾಟಿ. ವಿಭೂತಿ ಅಳಿಸಿರಬಾರದು, ತೋಳಿಗೆ ಮಣ್ಣು ಹತ್ತಿರಬಾರದು, ಪಾಟಿಯ ತುಂಬ ಅಕ್ಷರ ಇರಬೇಕು.

“ಎಷ್ಟರ ತನಕ ಬಂತರಿ ಪಾಢೆ?” ಎಂದು ಕೇಳಿದರು ಮೊದಲ ವಾರದಲ್ಲೇ. ಪಾಢೆ ಎಂದರೆ ಮಗ್ಗಿ.

“ಇನ್ನೂ ಸಣ್ಣಾಂವ ಅದಾನ್ರಿ ಅವ್ವಾರ. ಈಗ ಆಟ, ಹಾಡು.”

“ಆಟ ಮನ್ಯಾಗೂ ಆಡತಾನ. ಅದಕ್ಕ ಸಾಲಿ ಯಾಕ್ರಿ? ಒಂದರ ಏಟ ಹಾಕತೀರಿಲ್ಲೊ?”

“ಹೊಡಿಯೂದಿಲ್ರಿ.”

ಗುರಸಿದ್ದವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಹಂಗಾರ ತಲಿಗೆ ಹೆಂಗ ಹತ್ತಬೇಕರಿ?”

ಊರ ಜಮೀನಿನ ಲೆಕ್ಕ ಬರೆಯುವ ತಲಾಠಿಯವರ ಹೆಂಡತಿಯನ್ನು ಊರವರೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಸಾತಾರಾ ಕಡೆಯ ಮರಾಠಿ ಹೆಣ್ಣುಮಗಳು. ಅವರ ಲೆಕ್ಕವೇ ಬೇರೆ. ಮನೆಗೆ ಅತಿಥಿಗಳು ಬಂದಾಗ ಮಗ ನಡುಮನೆಯಲ್ಲಿ ನಿಂತು, ಕೈ ಆಡಿಸಿ, ಕಣ್ಣು ತಿರುಗಿಸಿ ಮರಾಠಿ ಹಾಡು ಹೇಳಬೇಕು. ಹೇಳಿದರೆ ಬಾಲವಾಡಿ ಉತ್ತಮ. ಒಂದು ದಿನ ಅವರ ಮಗ ಅತಿಥಿಗಳ ಮುಂದೆ ಹಾಡುವ ಬದಲು ಟಗರಿನ ಹಾಗೆ ತಲೆ ಬಗ್ಗಿಸಿ ಬಂದು ಒಬ್ಬರ ಹೊಟ್ಟೆಗೆ ಗುದ್ದಿದನಂತೆ. ಧನಗರ ಹುಡುಗರ ಜೊತೆ ಮಣ್ಣಾಟದಲ್ಲಿ ಕಲಿತದ್ದು. ವೈನಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹಾಡು ಸರಿಯಾಗಿ ಬಂತು, ಮಾತೂ ಬಂತು.

ಧನಗರ ಓಣಿಯ ತಾಯಂದಿರು ಮಾತ್ರ ನನಗೆ ಏನನ್ನೂ ಕೇಳುತ್ತಿರಲಿಲ್ಲ. ಅವರಲ್ಲಿ ಮೊದಲಿಗಳು ಲಗಮವ್ವ. ಅವಳ ಮಗಳು ಮಾಯಿ, ನಾಲ್ಕು ವರ್ಷದವಳು, ಎರಡು ಜಡೆ, ಅಂಗೈಯಲ್ಲಿ ಯಾವಾಗಲೂ ಒಂದು ಕಲ್ಲು. ಲಗಮವ್ವ ಕಂಬಳಿಯ ಕೊಪ್ಪೆ ಹಾಕಿಕೊಂಡು ಬಂದು ಹೊಸ್ತಿಲ ಆಚೆಯೇ ನಿಲ್ಲುವಳು. ಒಳಗೆ ಬಾ ಎಂದರೆ, “ಕಾಲ ತೊಯ್ದಾವ್ರಿ,” ಎನ್ನುವಳು. ಮಗಳು ಹೊರಗೆ ಬಂದ ಮೇಲೆ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುವಳು, ಅಂಗಾಲು ಮುಟ್ಟುವಳು, ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ನಡೆಯುವಳು. ಇವಳ ಪರೀಕ್ಷೆ ಇಷ್ಟೇ, ಸುಲಭದ್ದು ಎಂದುಕೊಂಡಿದ್ದೆ.

ಶ್ರಾವಣದ ಮೊದಲಲ್ಲಿ ಒಂದು ಮಧ್ಯಾಹ್ನ ಮಳೆ ಜೋರಾಗಿ ಹೊಡೆಯಿತು. ಘಂಟೆಗೆ ಮೊದಲೇ ಎಲ್ಲ ಮನೆಯವರೂ ಓಡಿಬಂದು ವಖಾರಿಯ ಬಾಗಿಲಲ್ಲಿ ಗುಂಪುಗೂಡಿದರು. ಒಳಗೆ ಜಮಖಾನೆಯ ಮೇಲೆ ಮಕ್ಕಳು ಕೈಕಟ್ಟಿ ಕುಳಿತಿದ್ದರು. ಯಾರೂ ಏಳಲಿಲ್ಲ, ಅಲುಗಲಿಲ್ಲ. ವೈನಿ “ವ್ವಾ!” ಎಂದರು. ಗುರಸಿದ್ದವ್ವ ಪಕ್ಕದವರಿಗೆ, “ನೋಡ್ರಿ, ಗೊಂಬಿ ಇಟ್ಟಂಗ ಕುಂತಾವ,” ಎಂದರು. ಆ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಗುಂಪಿನ ಹಿಂದಿನಿಂದ ಲಗಮವ್ವ, “ಮಾಯೀ!” ಎಂದು ಕೂಗಿದಳು. ಮಾಯಿ ತಾಯಿಯ ಕಡೆ ನೋಡಿದಳು. ಕಣ್ಣರಳಿತು. ಆದರೆ ಕೈ ಬಿಚ್ಚಲಿಲ್ಲ. ನಾನು ಸಾವಕಾಶವಾಗಿ ಘಂಟೆ ಬಾರಿಸಿದೆ.

ಮರುದಿನ ಮಾಯಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರ ಮುಗಿಯುವುದರೊಳಗೆ ಧನಗರ ಓಣಿಯ ಒಂದೊಂದೇ ಮಗು ಬಿಟ್ಟು, ಜಮಖಾನೆಯ ಅರ್ಧ ಖಾಲಿಯಾಯಿತು. ಗುರಸಿದ್ದವ್ವನಿಗೆ ಆಶ್ಚರ್ಯವಾಗಲಿಲ್ಲ. “ಅವರ ಮಂದಿಗೆ ಸಾಲಿ ರುಚಿ ಹತ್ತೂದಿಲ್ರಿ,” ಎಂದರು. ಆ ಮಾತು ನನಗೆ ಸೇರಲಿಲ್ಲ. ಮೊದಲ ಎರಡು ತಿಂಗಳು ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ಕುಳಿತಿರುತ್ತಿದ್ದವರು ಅದೇ ಮಕ್ಕಳು.

ಒಂದು ಸಂಜೆ ಮಳೆ ನಿಂತಾಗ ನಾನೇ ಧನಗರ ಓಣಿಗೆ ಹೋದೆ. ಲಗಮವ್ವ ಅಂಗಳದ ಮುಳ್ಳುಬೇಲಿಯ ದಡ್ಡಿಯ ಹತ್ತಿರ ನಿಂತಿದ್ದಳು. ದೊಡ್ಡ ಕುರಿಗಳು ಬೆಳಿಗ್ಗೆ ಮೇಯಲು ಹೋದಾಗ ಎಳೆಯ ಮರಿಗಳನ್ನು ಈ ದಡ್ಡಿಯಲ್ಲಿ ಕೂಡಿಹಾಕಿ ಹೆಂಗಸರು ನೋಡಿಕೊಳ್ಳುತ್ತಾರೆ.

“ಬರ್ರಿ ಅಕ್ಕೋರ, ಕುಂದ್ರಿ,” ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದಳು.

“ಮಾಯಿ ಯಾಕ ಬರವಲ್ಲಳು, ಲಗಮವ್ವ?”

“ಮೈಯಾಗ ಚಲೋ ಇರಲಿಲ್ರಿ.”

ಮಾಯಿ ನಮ್ಮ ಎದುರಿಗೇ ಒಂದು ಮರಿಯ ಬಾಲ ಹಿಡಿದು ಓಡುತ್ತಿದ್ದಳು.

“ಮೈಯಾಗ ಚಲೋ ಇಲ್ಲದವರು ಹಿಂಗ ಓಡತಾರೇನ?”

“ಈಗ ಚಲೋ ಆಗ್ಯಾಳ್ರಿ. ಔಷಧ ಹಾಕೀನಿ,” ಎಂದಳು. ಮುಖ ಮಾತ್ರ ಬೇರೆ ಕಡೆ ತಿರುಗಿಸಿದಳು.

ಅಷ್ಟರಲ್ಲಿ ಹಿಂಡು ಬಂತು. ಉದ್ದ ಕುತ್ತಿಗೆಯ, ಗಿಳಿಯ ಕೊಕ್ಕಿನ ಹಾಗೆ ಮೂಗು ಬಾಗಿದ ಮಾಡಗ್ಯಾಳದ ಕುರಿಗಳು ದಾರಿಯ ತುಂಬ. ತಾಯಿ ಕುರಿಗಳ ಕೂಗು ಕೇಳಿದ್ದೇ ಮರಿಗಳು ಬೇಲಿಗೆ ಬಂದು ಬಿದ್ದವು. ಲಗಮವ್ವ ಅಗಳಿ ತೆಗೆದಳು. ಒಂದರ ಮೇಲೊಂದು ಹಾರಿ, ಎಡವಿ, ಎದ್ದು, ಆ ಗದ್ದಲದಲ್ಲಿ ಪ್ರತಿಯೊಂದು ಮರಿಯೂ ತನ್ನ ತಾಯಿಯನ್ನೇ ಹುಡುಕಿ ಕೆಚ್ಚಲಿಗೆ ಬಾಯಿ ಹಾಕಿತು. ದಡ್ಡಿಯ ಮೂಲೆಯಲ್ಲಿ ಒಂದೇ ಒಂದು ಮರಿ ಮಲಗಿದಲ್ಲೇ ಇತ್ತು. ಅದರ ತಾಯಿ ಬೇಲಿಯ ಹೊರಗೆ ನಿಂತು ಕರೆಯುತ್ತಿತ್ತು. ಅದು ತಲೆಯೆತ್ತಿ ನೋಡಿತು, ಏಳಲಿಲ್ಲ. ಲಗಮವ್ವ ನನ್ನನ್ನು ಮರೆತು ಒಳಗೆ ಓಡಿದಳು. ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಗೊರಸು ಮುಟ್ಟಿ ನೋಡಿದಳು. ವಖಾರಿಯ ಹೊಸ್ತಿಲಲ್ಲಿ ದಿನಾಲೂ ನಾನು ನೋಡಿದ ಕೈ ಅದೇ. ನನಗೆ ಆಗ ಹೊಳೆಯಿತು.

“ಅವತ್ತ ಮಳಿಯಾಗ ಮಾಯಿನ್ನ ಕರದಿ. ಆಕಿ ಏಳಲಿಲ್ಲ. ಅದಕ್ಕ ಬಿಡಿಸಿದೇನ?”

ಲಗಮವ್ವ ಮರಿಯನ್ನು ಎದೆಗೆ ಅವಚಿಕೊಂಡೇ ಬಂದು ಎದುರಿಗೆ ಕುಳಿತಳು. “ಸಿಟ್ಟಾಗಬ್ಯಾಡ್ರಿ ಅಕ್ಕೋರ. ನನ್ನ ಕೂಸು ನನ್ನ ನೋಡಿತು, ಏಳಲಿಲ್ಲ. ಆಕಿ ಒಬ್ಬಾಕಿ ಆಗಿದ್ರ ಆಕಿಗೇನೋ ಆಗೇತಿ ಅನ್ನತಿದ್ದೆ. ನೋಡತೀನಿ, ಒಂದೂ ಕೂಸು ಏಳವಲ್ಲದು. ನನ್ನ ಎದಿ ಧಸಕ್ಕಂತು. ಇಡೀ ದಡ್ಡಿಗೇ ಬ್ಯಾನಿ ಬಿದ್ದೈತಿ ಅಂದ್ಕೊಂಡೆ. ಬ್ಯಾನಿ ಬಿದ್ದ ದಡ್ಡ್ಯಾಗ ಮರಿ ಯಾರ ಬಿಡತಾರ್ರಿ? ಓಣ್ಯಾಗ ಎಲ್ಲಾರಿಗೂ ಹೇಳಿದೆ.”

“ಬ್ಯಾನಿ ಅಲ್ಲವಾ ಅದು. ಶಿಸ್ತು.”

“ಅದಕ್ಕೇನ ಔಷಧ ಹಾಕತಾರ್ರಿ?” ಎಂದು ನಕ್ಕಳು ಲಗಮವ್ವ. ನನಗೂ ನಗು ಬಂತು. ಮಾಯಿಯನ್ನು ಹತ್ತಿರ ಕರೆದೆ.

“ಅವತ್ತ ಅವ್ವ ಕರದಾಗ ಯಾಕ ಏಳಲಿಲ್ಲ ಮಾಯಿ?”

“ಘಂಟಿ ಆಗಿರಲಿಲ್ಲ,” ಎಂದಳು, ಇಷ್ಟೂ ತಿಳಿಯದೇ ಎಂಬಂತೆ.

ಲಗಮವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ಏ ಖೋಡಿ! ಹಂಗಂತ ಹೇಳಬಾರದೇನ? ಎಷ್ಟ ದಿನ ಬೇವಿನ ರಸ ಕುಡದಿ!”

“ನೀ ಎಲ್ಲಿ ಕೇಳಿದಿ? ಮೂಗ ಹಿಡದ ಹಾಕಿದಿ.”

ಮರಿಗಳಿಗೆ ಹಾಕುವ ಬೇವಿನ ರಸವನ್ನೇ ಮಗಳಿಗೂ ಹಾಕಿದ್ದಳು. ಅವಳಷ್ಟೇ ಅಲ್ಲ, ಓಣಿಯ ಎಲ್ಲ ತಾಯಂದಿರೂ ಹಾಕಿದ್ದರು. ನನ್ನ ಬಾಲವಾಡಿಯ ಶಿಸ್ತಿಗೆ ಪಾಪ ಆ ಮಕ್ಕಳು ಸಾಕಷ್ಟು ಕಹಿ ಕುಡಿದಿದ್ದವು. ನಕ್ಕು ಸಾಕಾದ ಮೇಲೆ, ಹಾಗಾದರೆ ನಾಳೆಯಿಂದ ಕಳಿಸುತ್ತೀಯಲ್ಲ ಎಂದೆ. ಲಗಮವ್ವ ತಲೆಯಾಡಿಸಲಿಲ್ಲ.

“ನಗೂದ ಬ್ಯಾರೆ ಅಕ್ಕೋರ. ಕೂಸು ತಾಯಿನ್ನ ನೋಡಿ ಘಂಟಿ ದಾರಿ ಕಾಯತೈತಿ ಅಂದ್ರ ಅಂಥಾ ಸಾಲಿ ನನಗ ಬ್ಯಾಡ್ರಿ. ಆಕಿನ್ನ ಇಲ್ಲೇ ಬಿಟ್ಟ ಹೋಗಬೇಕಂದಿದ್ದೆ ನಾ. ಆರ ತಿಂಗಳಾದಮ್ಯಾಲ ಬಂದ ಕರದ್ರ, ಹಿಂಗ ಕೈ ಕಟಗೊಂಡ ಕುಂತರ ಏನ ಮಾಡಲಿ?”

“ಮಾಯಿ ಮರಿ ಅಲ್ಲ, ಲಗಮವ್ವ. ಮುಂದ ದೊಡ್ಡ ಸಾಲಿಗೆ ಹೋಗಾಕಿ. ಅಲ್ಲಿ ಮಾಸ್ತರ ಸುಮ್ಮಸುಮ್ಮನ ಏಳಾಕ ಬಿಡೂದಿಲ್ಲ. ಕುಂದ್ರೂದೂ ಕಲೀಬೇಕ.”

“ಕುಂದ್ರೂದ ಕಲಸ್ರಿ. ಏಳೂದ ಮರಸಬ್ಯಾಡ್ರಿ.”

ಅಲ್ಲಿಗೆ ಮಾತು ನಿಂತಿತು. ಅವಳು ಹೇಳಿದ್ದರಲ್ಲೂ ಅರ್ಥವಿತ್ತು, ನಾನು ಹೇಳಿದ್ದರಲ್ಲೂ ಇತ್ತು. ಕೆಸರು ತುಳಿಯುತ್ತ ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಶಿಸ್ತು ಬಿಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಊಟ, ನಿದ್ದೆ, ಹಾಡು ಎಲ್ಲಕ್ಕೂ ಹೊತ್ತು ಇರುವಾಗ ಓಡುವುದಕ್ಕೆ ಯಾಕೆ ಇರಬಾರದು? ಮನೆ ಮುಟ್ಟುವ ಹೊತ್ತಿಗೆ ವ್ಯವಸ್ಥೆ ತಯಾರಾಗಿತ್ತು. ಮನೆಯವರು ಬಾಗಿಲಲ್ಲಿ ಕಂಡ ತಕ್ಷಣ ಆ ಮಗು ಎದ್ದು ಓಡಬೇಕು. ನಡೆಯಕೂಡದು, ಓಡಬೇಕು. ತಾಯಿಯನ್ನೋ ಅಜ್ಜಿಯನ್ನೋ ತಬ್ಬಿಕೊಳ್ಳಬೇಕು. ಆಮೇಲೆ ಅಷ್ಟೇ ಜೋರಾಗಿ ಓಡಿಬಂದು ತನ್ನ ಜಾಗದಲ್ಲಿ ಕುಳಿತುಕೊಳ್ಳಬೇಕು. ಘಂಟೆ, ನಮಸ್ಕಾರ, ಹೆಸರು, ಎಲ್ಲ ಮೊದಲಿನ ಹಾಗೇ.

ಎರಡು ದಿನ ಬಾಗಿಲಲ್ಲಿ ನಾನೇ ತಾಯಿಯಾಗಿ ನಿಂತು ರೂಢಿ ಮಾಡಿಸಿದೆ. ಮೂರನೆಯ ದಿನ ಗುರಸಿದ್ದವ್ವನಿಗೆ ಸುದ್ದಿ ಮುಟ್ಟಿತು. ಬೆಳಿಗ್ಗೆಯೇ ಬಂದರು.

“ಏನ್ರಿ ಅಕ್ಕೋರ, ಹುಡುಗರನ್ನ ಕುರಿ ಬಿಟ್ಟಂಗ ಬಿಡತೀರಂತ? ಇದು ನಮ್ಮ ವಖಾರಿ ಐತಿ, ಧನಗರ ದಡ್ಡಿ ಅಲ್ಲ. ಹಿಂಗಾದ್ರ ಹೊಸಾ ಶೇಂಗಾ ಬರೂದ್ರೊಳಗ ಖೋಲಿ ಖಾಲಿ ಮಾಡ್ರಿ.”

“ಇವತ್ತೊಂದ ದಿನ ನೋಡ್ರಿ ಅವ್ವಾರ. ನಿಮಗ ಪಸಂದ ಬರಲಿಲ್ಲಂದ್ರ ನಾಳಿಂದ ಬಂದ್ ಮಾಡತೀನಿ.”

ಆ ಮಧ್ಯಾಹ್ನ ಅವರು ಕೆಂಪು ದಡಿಯ ಇಳಕಲ್ ಸೀರೆ ಉಟ್ಟು, ತೀರ್ಪು ಕೊಡಲು ಬಂದವರ ಹಾಗೆ ಬಾಗಿಲಲ್ಲಿ ನಿಂತರು. ಚನಬಸು ಎದ್ದ. ಮನೆಯಲ್ಲಿ ಅಜ್ಜಿಯ ಮುಂದೆ ಕೈಕಟ್ಟಿ ನಿಂತು ಗೊತ್ತಿದ್ದ ಹುಡುಗ, ಮೊದಲು ನನ್ನ ಮುಖ ನೋಡಿದ. ನಾನು ಓಡು ಎಂದು ಕೈಮಾಡಿದೆ. ಒಮ್ಮೆಲೇ ಓಡಿದ. ಹೋಗಿ ಅಜ್ಜಿಯ ಹೊಟ್ಟೆಗೆ ಬಡಿದ. ಗುರಸಿದ್ದವ್ವ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಚೌಕಟ್ಟು ಹಿಡಿದುಕೊಂಡರು. ಹುಡುಗನ ಎರಡೂ ಕೈಯ ಹಸಿ ಮಣ್ಣು ಸೀರೆಯ ನೆರಿಗೆಯ ಮೇಲೆ ಮೂಡಿತ್ತು. ಅವನು ಮತ್ತೆ ಓಡಿಬಂದು ತನ್ನ ಜಾಗದಲ್ಲಿ ಕುಳಿತ. ವಿಭೂತಿ ಅಳಿಸಿಹೋಗಿತ್ತು, ಅಜ್ಜಿಯ ಸೀರೆಗೆ ಹತ್ತಿತ್ತು.

ಗುರಸಿದ್ದವ್ವ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತರು. ಸೀರೆ ನೋಡಿಕೊಂಡರು, ಹುಡುಗನನ್ನು ನೋಡಿದರು, ಘಂಟೆಯಾದ ಮೇಲೆ ಕೈಹಿಡಿದುಕೊಂಡು ಹೋದರು. ನಾನು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು, ಇನ್ನೂ ಕಥೆ ನಡೆದಿರುವಾಗಲೇ, ಅವರು ಬಾಗಿಲಲ್ಲಿದ್ದರು. ಬಣ್ಣಗೆಟ್ಟ ಸೀರೆ.

“ಯಾಕ್ರಿ ಅವ್ವಾರ, ಇಷ್ಟ ಲಗೂನ?” ಎಂದೆ.

“ಹಳೇ ಸೀರಿ ಉಟ್ಟ ಬಂದೀನಿ. ಬಿಡ್ರಿ ಅವನ್ನ,” ಎಂದರು. ಆಮೇಲೆ ತಮ್ಮ ಮರ್ಯಾದೆಗೆಂದು ಸೇರಿಸಿದರು: “ಪಾಢೆ ಮಾತ್ರ ಬಿಡಂಗಿಲ್ಲ ನಾ. ಹೇಳಿರತೀನಿ.”

ಪಾಢೆ ಶುರುಮಾಡಿದೆ. ಅವರೂ ಹೇಳಿದ್ದು ತಪ್ಪಲ್ಲ, ಮಕ್ಕಳಿಗೆ ಲಯವಾಗಿ ಹೇಳುವುದು ಖುಷಿಯೇ. ಓಡುವ ಸುದ್ದಿ ಧನಗರ ಓಣಿಗೂ ಮುಟ್ಟಿ, ಅಲ್ಲಿಯ ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಮೊದಲ ದಿನ ಲಗಮವ್ವ ಅರ್ಧ ದಿನ ಹೊಸ್ತಿಲ ಹತ್ತಿರ ಕುಳಿತೇ ನೋಡಿದಳು. ಬಾಗಿಲಲ್ಲಿ ಒಬ್ಬ ತಾಯಿ ಬಂದಾಗಲೆಲ್ಲ ಒಂದು ಮಗು ಎದ್ದು ಓಡುವುದನ್ನು ನೋಡಿ ಕಂಬಳಿಯೊಳಗೇ ನಕ್ಕಳು. ಹಸ್ತದ ಮಳೆ ಚೆನ್ನಾಗಿ ಬಿತ್ತು. ಹೊಲದಲ್ಲಿ ಬಿಳಿಜೋಳ ಬಿತ್ತಿದರು. ಮಾಯಿ ಎಣಿಸಲು ಕಲಿತು, ಮನೆಯಲ್ಲಿ ದಡ್ಡಿಯ ಮರಿಗಳನ್ನು ಗಟ್ಟಿಯಾಗಿ ಎಣಿಸತೊಡಗಿದಳಂತೆ. ಕುರಿಯನ್ನು ಬಾಯಿಬಿಟ್ಟು ಎಣಿಸಬಾರದು, ಕಣ್ಣಲ್ಲೇ ಗುರುತು ಹಿಡಿಯಬೇಕು ಎಂಬುದು ಅವರ ಮನೆಯ ಕಟ್ಟಳೆ. ಲಗಮವ್ವ ಬಂದು, “ಕಲ್ಲ ಎಣಸ ಅನ್ರಿ, ಶೇಂಗಾ ಎಣಸ ಅನ್ರಿ, ಮರಿ ಮಾತ್ರ ಬ್ಯಾಡ ಅನ್ರಿ,” ಎಂದು ಹೇಳಿಹೋದಳು. ಹಾಗೇ ಹೇಳಿದೆ. ಗುರಸಿದ್ದವ್ವನ ಮನೆಯಿಂದ ಎಣಿಸಲು ಒಂದು ಮಡಿಲು ಶೇಂಗಾ ಬಂತು. ಎಣಿಕೆ ಮುಗಿದ ಮೇಲೆ ಶೇಂಗಾ ಉಳಿಯುತ್ತಿರಲಿಲ್ಲ. ಹೊಸ ಶೇಂಗಾದ ಚೀಲಗಳನ್ನು ಗುರಸಿದ್ದವ್ವ ವಖಾರಿಯ ಹಿಂದಿನ ಕೋಣೆಗೇ ಹಾಕಿಸಿದರು.

ದೀಪಾವಳಿ ಮುಗಿಯಿತು. ಓಣಿಯಲ್ಲಿ ಕುದುರೆಗಳಿಗೆ ಗಂಟು ಕಟ್ಟುವ ಸದ್ದು ಶುರುವಾಯಿತು. ಲಗಮವ್ವ ಹೋಗುವ ಹಿಂದಿನ ದಿನದ ತನಕ ಏನೂ ಬಾಯಿ ಬಿಡಲಿಲ್ಲ. ಮಾಯಿಯ ಅಜ್ಜಿ, ಲಗಮವ್ವನ ಅತ್ತೆ, ಊರಲ್ಲೇ ಇರುವವಳು. ಅವಳಿಗೆ ಮೊಣಕಾಲು ನೋವು. “ಬಿಟ್ಟ ಹೋಗತಾಳೋ ಒಯ್ತಾಳೋ, ನನಗೂ ಹೇಳಿಲ್ಲ,” ಎಂದಳು ಮುದುಕಿ. ಉಳಿದ ಮನೆಯವರು ಲಗಮವ್ವ ಏನು ಮಾಡುತ್ತಾಳೆಂದು ನೋಡುತ್ತಿದ್ದರು. ಮಗಳನ್ನು ಮೊದಲು ಬಿಡಿಸಿದವಳು ಅವಳೇ, ಮೊದಲು ತಂದವಳೂ ಅವಳೇ.

ಹಿಂಡು ಹೊರಡುವ ದಿನವೇ ಅಧ್ಯಕ್ಷೆಯವರು ಜತ್ತದಿಂದ ಬಂದಿಳಿದರು. ಖಾದಿ ಸೀರೆ, ಕನ್ನಡಕ, ಬಂದವರೇ ಗೋಡೆಯ ಸುಣ್ಣ, ಕುಡಿಯುವ ನೀರಿನ ಕೊಡ, ಮಕ್ಕಳ ಉಗುರು ನೋಡಿದರು. ಹಾಡು ಹೇಳಿಸಿದರು. ಜಮಖಾನೆಯ ಮೇಲೆ ಎರಡೂ ಓಣಿಯ ಮಕ್ಕಳಿದ್ದರು. “ಇವತ್ತ ಅದಾವ,” ಎಂದರು ಅವರು ನನಗಷ್ಟೇ ಕೇಳುವಂತೆ. “ನಾಳೆ?”

ನಾನು ಉತ್ತರಿಸುವ ಮೊದಲೇ ರಸ್ತೆಯಲ್ಲಿ ಕುರಿಗಳ ಸದ್ದು ಕೇಳಿತು. ಹಿಂಡು ವಖಾರಿಯ ಮುಂದಿನಿಂದಲೇ ಹೋಗಬೇಕು. ಧೂಳು, ನಾಯಿ, ಗಂಟು ಹೊತ್ತ ಕುದುರೆಗಳು. ಲಗಮವ್ವ ಹಿಂಡಿನ ಹಿಂದಿನಿಂದ ಬಂದು ಬಾಗಿಲಿಗೆ ಎದುರಾಗಿ ರಸ್ತೆಯ ಆಚೆ ಬದಿಗೆ ನಿಂತಳು. ಕರೆಯಲಿಲ್ಲ. ಸುಮ್ಮನೆ ನಿಂತಳು.

ಮಾಯಿ ಕಂಡಳು. ಎದ್ದು ಓಡಿದಳು. ಹೊಸ್ತಿಲು ಹಾರಿ, ಕುರಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಅಧ್ಯಕ್ಷೆಯವರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಓಡಲು ಕಲಿಸಿದವಳು ನಾನೇ. ಲಗಮವ್ವ ಅವಳನ್ನು ಎತ್ತಿಕೊಂಡು ಈ ಹಿಂಡಿನ ಹಿಂದೆ ನಡೆದುಬಿಟ್ಟರೆ ಯಾರೂ ತಡೆಯುವಂತಿರಲಿಲ್ಲ. ಹಾಗಾಗಿದ್ದರೆ ಅವಳ ಹಿಂದೆ ಬರುತ್ತಿದ್ದ ತಾಯಂದಿರೂ ತಮ್ಮ ಮಕ್ಕಳನ್ನು ಎತ್ತಿಕೊಂಡೇ ಹೋಗುತ್ತಿದ್ದರು.

ಲಗಮವ್ವ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅಂಗಾಲು ಮುಟ್ಟಿದಳು. ಸೊಂಟದ ಚೀಲದಿಂದ ಭಂಡಾರ, ಅಂದರೆ ದೇವರ ಅರಿಶಿನ, ತೆಗೆದು ಅವಳ ಹಣೆಗೆ ಹಚ್ಚಿ ಕೆಳಗಿಳಿಸಿದಳು. ಏನೋ ಹೇಳಿದಳು, ನಮಗೆ ಕೇಳಲಿಲ್ಲ. ಮಾಯಿ ತಿರುಗಿದಳು. ಹೋದಷ್ಟೇ ಜೋರಾಗಿ ಕುರಿಗಳನ್ನು ತಳ್ಳಿಕೊಂಡು ಓಡಿಬಂದು ಜಮಖಾನೆಯ ಮೇಲೆ ತನ್ನ ಜಾಗದಲ್ಲಿ ಏದುಸಿರು ಬಿಡುತ್ತ ಕುಳಿತಳು.

ಲಗಮವ್ವ ಅದನ್ನು ಕೊನೆಯವರೆಗೆ ನೋಡಿದಳು. ಆಮೇಲೆ ರಸ್ತೆ ದಾಟಿ ಹೊಸ್ತಿಲ ಹತ್ತಿರ ಬಂದಳು. “ನಿಮ್ಮ ಕಡೇನೂ ಹಂಗ ಓಡತಾಳಲ್ಲರಿ ಅಕ್ಕೋರ,” ಎಂದಳು. “ಬಿಟ್ಟ ಹೊಂಟೀನಿ.” ನನ್ನ ಅಂಗೈ ಬಿಡಿಸಿ ಅದರ ಮೇಲೂ ಒಂದು ಚಿಟಿಕೆ ಭಂಡಾರ ಇಟ್ಟಳು. ಮರಿಯನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಅವರು ಹಾಗೆ ಮಾಡುತ್ತಾರೆ. ಕಣ್ಣು ಒರೆಸಿಕೊಳ್ಳದೆ ಹಿಂಡಿನ ಹಿಂದೆ ಬಿರಬಿರನೆ ನಡೆದಳು. ಅವಳ ಹಿಂದೆ ಬಂದ ತಾಯಂದಿರಲ್ಲಿ ಕೆಲವರು ಮಕ್ಕಳನ್ನು ಒಯ್ದರು, ಹೆಚ್ಚಿನವರು ಬಿಟ್ಟರು.

ಮಧ್ಯಾಹ್ನವಾಯಿತು. ಮನೆಯವರು ಬರತೊಡಗಿದರು, ಮಕ್ಕಳು ಓಡತೊಡಗಿದವು. ಅಧ್ಯಕ್ಷೆಯವರು ಗೋಡೆಗೆ ಒರಗಿ ನೋಡುತ್ತಿದ್ದರು. ಮಾಯಿಯ ಅಜ್ಜಿ ಮೊಣಕಾಲು ಹಿಡಿದುಕೊಂಡು ಇನ್ನೂ ದಾರಿಯಲ್ಲೇ ಇದ್ದಳು. ಮಾಯಿ ಜಮಖಾನೆಯ ನಡುವೆ ಎದ್ದು ನಿಂತಳು, ಬಾಗಿಲು ನೋಡಿದಳು. ಅವಳು ಓಡಿಹೋಗಿ ತಬ್ಬಲು ಅಲ್ಲಿ ಯಾರೂ ಇರಲಿಲ್ಲ. ತುಟಿ ಸೊಟ್ಟಗಾಗತೊಡಗಿತು. ಚನಬಸುವನ್ನು ಒಂದು ಕೈಯಲ್ಲಿ ಅವಚಿಕೊಂಡಿದ್ದ ಗುರಸಿದ್ದವ್ವ ಅದನ್ನು ನೋಡಿದರು.

“ಏ ಹುಡುಗಿ, ಏನ ನೋಡಾಕತ್ತಿ? ಬಾ ಇಲ್ಲೆ, ಓಡು,” ಎಂದು ಗದರಿದರು.

ಮಾಯಿ ಓಡಿದಳು. ಗುರಸಿದ್ದವ್ವ ಇನ್ನೊಂದು ಕೈಯಲ್ಲಿ ಅವಳನ್ನು ತಡೆದು ಎತ್ತಿಕೊಂಡರು. ಭಂಡಾರವೂ ವಿಭೂತಿಯೂ ಅವರ ಸೆರಗಿಗೆ ಹತ್ತಿದವು.

ಅಧ್ಯಕ್ಷೆಯವರಿಗೆ ಊರಿನ ಗುರುತು ಅಷ್ಟಿರಲಿಲ್ಲ. ಹತ್ತಿರ ಹೋಗಿ, “ಎರಡೂ ಮೊಮ್ಮಕ್ಕಳೇನ್ರಿ ಅವ್ವಾರ?” ಎಂದು ಕೇಳಿದರು.

“ಒಂದ ನಂದ್ರಿ,” ಎಂದರು ಗುರಸಿದ್ದವ್ವ. “ಇನ್ನೊಂದನ್ನ ಮಳಿಗಾಲಕ್ಕ ಅವರವ್ವ ಬಂದ ಒಯ್ತಾಳ್ರಿ.”

ಅಧ್ಯಕ್ಷೆಯವರು ತಲೆಯೆತ್ತಿ ಮಾಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮಳೆಗಾಲಕ್ಕೆ ಮೊದಲು ಹೆಂಚು ಸರಿಮಾಡಿಸಬೇಕು, ಮೂಲೆಯಲ್ಲಿ ಸೋರಿದ ಕಲೆ ಇದೆ ಎಂದರು. ಶೇಗಾಂವದ ಮಾತು ಎತ್ತಲಿಲ್ಲ. ನಾನು ಘಂಟೆ ಬಾರಿಸಿದೆ.